ಲಂಡನ್ನಿನ ಪಾಸು: ಲಾಭವೋ, ನಷ್ಟವೋ?

ಏಪ್ರಿಲ್-ಮೇ ಬಂತೆಂದರೆ ಮುಂಬಯಿಯ ನಮ್ಮ ಕನ್ನಡಿಗರ ಮನೆಗಳಲ್ಲಿ ಅಟ್ಟದ ಮೇಲಿನ ಸೂಟ್‌ಕೇಸುಗಳು ಕೆಳಗಿಳಿಯುತ್ತವೆ. ಹಿಂದೆಲ್ಲ ಅವು ಉಡುಪಿಗೋ, ಕುಂದಾಪುರಕ್ಕೋ, ಧಾರವಾಡಕ್ಕೋ ಹೊರಡುತ್ತಿದ್ದವು. ಈಗ ಮಗಳು ಲಂಡನ್ನಿನಲ್ಲಿ, ಮಗ ರೀಡಿಂಗ್‌ನಲ್ಲಿ ಎಂದು ಅಲ್ಲಿಗೂ ಹೊರಡುತ್ತವೆ. ಬ್ಯಾಂಕಿನಲ್ಲಿ ಇರುವವನು ಅಂದ ಮೇಲೆ ಫೋನ್ ಬರುವುದು ನನಗೇ. "ಅಲ್ಲ ಮಾರಾಯ್ರೇ, ಲಂಡನ್ನಿಗೆ ಹೋಗುವವರಿಗೆ ಅದೆಂಥದೋ ಕಾರ್ಡು ಉಂಟಂತಲ್ಲ, ತಗೊಂಡ್ರೆ ಲಾಭ ಉಂಟಾ?"

ಉಂಟು ಅಂದರೂ ಸುಳ್ಳು, ಇಲ್ಲ ಅಂದರೂ ಸುಳ್ಳು. ಆ ಕಾರ್ಡು ಎಲ್ಲಿಂದ ಬಂತು, ಯಾರು ಯಾರಿಗಾಗಿ ಮಾಡಿದರು ಅನ್ನುವುದು ಗೊತ್ತಿದ್ದರೆ ಉತ್ತರ ತಾನಾಗಿಯೇ ಸಿಗುತ್ತದೆ. ಅದರ ಹಿಂದೆ ಒಂದು ಚುನಾವಣೆ ಇದೆ, ಒಂದು ಕೋರ್ಟ್ ಕೇಸ್ ಇದೆ, ಒಂದು ಇಡೀ ಮಹಾನಗರಸಭೆಯೇ ಇಲ್ಲವಾದ ಕಥೆ ಇದೆ. ಹಾಗಾಗಿ ಇವತ್ತು ಸ್ವಲ್ಪ ಇತಿಹಾಸ, ಆಮೇಲೆ ಲೆಕ್ಕ.

ಮೊದಲು ಒಂದು ಗೊಂದಲ ಬಿಡಿಸೋಣ. ಜನ 'ಲಂಡನ್ ಕಾರ್ಡು' ಅನ್ನುವಾಗ ಮೂರು ಬೇರೆ ಬೇರೆ ವಸ್ತುಗಳನ್ನು ಒಂದೇ ಚೀಲಕ್ಕೆ ಹಾಕುತ್ತಾರೆ. ಒಂದು, ಟ್ರಾವೆಲ್‌ಕಾರ್ಡ್. ಇದು ನಮ್ಮ ಲೋಕಲ್ ರೈಲಿನ ಪಾಸಿನ ಹಾಗೆ. ಒಂದು ದಿನ, ಏಳು ದಿನ, ಒಂದು ತಿಂಗಳು ಹೀಗೆ ಅವಧಿಗೆ ದುಡ್ಡು ಕೊಟ್ಟು ಎಷ್ಟು ಬೇಕಾದರೂ ಓಡಾಡುವುದು. ಎರಡು, ಆಯ್ಸ್ಟರ್ ಕಾರ್ಡ್. ಇದರಲ್ಲಿ ಮುಂಗಡ ಹಣ ತುಂಬಿಸಿ ಪ್ರಯಾಣ ಮಾಡಿದ ಹಾಗೆಲ್ಲ ಕಳೆಯುತ್ತಾ ಹೋಗುವುದು. ಮೂರು, ಲಂಡನ್ ಪಾಸ್. ಇದು ಖಾಸಗಿ ಕಂಪನಿ 1999ರಿಂದ ಮಾರುತ್ತಿರುವ, ನೋಡುವ ಜಾಗಗಳ ಪ್ರವೇಶದ ಪಾಸು. ಮೊದಲನೆಯದರ ಹುಟ್ಟು ರಾಜಕೀಯದಲ್ಲಿ, ಎರಡನೆಯದರದ್ದು ತಂತ್ರಜ್ಞಾನದಲ್ಲಿ, ಮೂರನೆಯದರದ್ದು ಶುದ್ಧ ವ್ಯಾಪಾರದಲ್ಲಿ. ಈ ವ್ಯತ್ಯಾಸ ನೆನಪಿಟ್ಟುಕೊಂಡರೆ ಅರ್ಧ ಕೆಲಸ ಆದಂತೆ.

ಮುಂಬಯಿಯವರಿಗೆ ಪಾಸಿನ ಬಗ್ಗೆ ಪಾಠ ಬೇಕಾಗಿಲ್ಲ ಬಿಡಿ. ಲೋಕಲ್ ರೈಲಿನ ಸೆಕೆಂಡ್ ಕ್ಲಾಸ್ ತಿಂಗಳ ಪಾಸಿಗೆ ಹೆಚ್ಚು ಕಡಿಮೆ ಹದಿನೈದು ಸಿಂಗಲ್ ಟಿಕೆಟ್ಟಿನ ಹಣ. ಅಂದರೆ ಎಂಟನೇ ದಿನ ಬೆಳಿಗ್ಗೆ ಆಫೀಸಿಗೆ ಹೋಗುವಷ್ಟರಲ್ಲಿ ಹಾಕಿದ ದುಡ್ಡು ವಸೂಲು. ಅಲ್ಲಿಂದ ತಿಂಗಳ ಕೊನೆಯವರೆಗೆ ಓಡಾಟ ಪುಕ್ಕಟೆ. ಊರು ನೋಡಲು ಬಂದವರಿಗೆಂದು ಒಂದು, ಮೂರು, ಐದು ದಿನದ ಟೂರಿಸ್ಟ್ ಟಿಕೆಟ್ ಕೂಡ ನಮ್ಮ ರೈಲಿನಲ್ಲಿದೆ. ದಿನಾ ಓಡಾಡುವ ನಮಗೆ ಅದರ ಸುದ್ದಿಯೇ ಇರುವುದಿಲ್ಲ, ಅದು ಬೇರೆ ಮಾತು. ದೆಹಲಿ ಮೆಟ್ರೋದಲ್ಲೂ ಟೂರಿಸ್ಟ್ ಕಾರ್ಡ್ ಬಂತು. ಬೆಂಗಳೂರಿನ ನಮ್ಮ ಮೆಟ್ರೋ 2022ರಲ್ಲಿ ಒಂದು ದಿನಕ್ಕೆ 200, ಮೂರು ದಿನಕ್ಕೆ 400 ರೂಪಾಯಿಯ ಪಾಸು ತಂದಿತು. ಎಲ್ಲಕ್ಕೂ ತಳಹದಿ ಒಂದೇ: ನೀವು ಎಷ್ಟು ಸಲ ಹತ್ತಿ ಇಳಿಯುತ್ತೀರಿ ಎನ್ನುವುದನ್ನು ಮೊದಲೇ ಊಹಿಸಿ ಪಂಥ ಕಟ್ಟುವುದು.

ಇನ್ನು ಲಂಡನ್ನಿಗೆ ಬರೋಣ.

1981ರ ಮೇ ತಿಂಗಳಲ್ಲಿ ಗ್ರೇಟರ್ ಲಂಡನ್ ಕೌನ್ಸಿಲ್‌ಗೆ ಚುನಾವಣೆ ನಡೆಯಿತು. ಅದನ್ನು ಎಲ್ಲರೂ ಜಿಎಲ್‌ಸಿ ಎಂದೇ ಕರೆಯುತ್ತಿದ್ದರು. ನಮ್ಮ ಮಹಾನಗರಪಾಲಿಕೆಗಿಂತಲೂ ದೊಡ್ಡ ವ್ಯಾಪ್ತಿಯ ಸಂಸ್ಥೆ ಎಂದಿಟ್ಟುಕೊಳ್ಳಿ. ಲೇಬರ್ ಪಕ್ಷ ಗೆದ್ದಿತು. ಗೆದ್ದ ಮರುದಿನವೇ ಪಕ್ಷದೊಳಗೆ ಮತದಾನವಾಗಿ ಕೆನ್ ಲಿವಿಂಗ್‌ಸ್ಟನ್ ಎಂಬ ಎಡಪಂಥೀಯ ಯುವಕ ನಾಯಕನಾದ. ಮೇಲೆ ಮಾತ್ರ ಬೇರೆ ಪಕ್ಷದ ಸರಕಾರ. ಪ್ರಧಾನಿ ಮಾರ್ಗರೆಟ್ ಥ್ಯಾಚರ್. ಇಬ್ಬರಿಗೂ ಎಣ್ಣೆ ಸೀಗೆಕಾಯಿ.

ಬಸ್ಸು ಮತ್ತು ಸುರಂಗ ರೈಲಿನ ದರವನ್ನು ಕಾಲು ಭಾಗ ಇಳಿಸುತ್ತೇವೆ ಎಂದು ಲೇಬರ್ ಪಕ್ಷ ಪ್ರಣಾಳಿಕೆಯಲ್ಲಿ ಹೇಳಿತ್ತು. ಹೇಳಿದಂತೆ 1981ರ ಅಕ್ಟೋಬರ್ 4ರಂದು ದರ ಇಳಿಯಿತು, ಅದೂ ಸರಾಸರಿ ಶೇಕಡಾ 32ರಷ್ಟು. ಜೊತೆಗೆ ವಲಯಗಳ, ಅಂದರೆ ಝೋನ್‌ಗಳ ಪದ್ಧತಿಯ ಮೊದಲ ರೂಪವೂ ಆಗಲೇ ಬಂತು. ಯೋಜನೆಯ ಹೆಸರು 'ಫೇರ್ಸ್ ಫೇರ್'. ಇಂಗ್ಲಿಷಿನಲ್ಲಿ ಟಿಕೆಟ್ ದರಕ್ಕೂ ಫೇರ್, ನ್ಯಾಯಕ್ಕೂ ಫೇರ್, ಸ್ಪೆಲ್ಲಿಂಗ್ ಮಾತ್ರ ಬೇರೆ. ಕನ್ನಡದಲ್ಲಿ ಬರೆದರೆ ಆ ವ್ಯತ್ಯಾಸವೂ ಇಲ್ಲ! ದರವೇ ನ್ಯಾಯ ಅನ್ನುವ ಘೋಷಣೆ ನಮ್ಮ ಲಿಪಿಯಲ್ಲಿ ಇನ್ನೂ ಚೆಂದ ಕೂರುತ್ತದೆ.

ಆದರೆ ಟಿಕೆಟ್ಟಿನಲ್ಲಿ ಬಿಟ್ಟುಕೊಟ್ಟ ಹಣ ಎಲ್ಲಿಂದಲಾದರೂ ಬರಬೇಕಲ್ಲ? ಮನೆ, ಅಂಗಡಿ, ಕಚೇರಿ ಇದ್ದವರ ಕಂದಾಯಕ್ಕೆ ಪೌಂಡಿಗೆ 6.1 ಪೆನ್ಸ್‌ನಂತೆ ಹೆಚ್ಚುವರಿ ತೆರಿಗೆ ಹಾಕಿದರು. ಅದರ ಮೇಲೆ, ಖರ್ಚು ಮಿತಿ ಮೀರಿತು ಎಂದು ಕೇಂದ್ರ ಸರಕಾರದ ಅನುದಾನಕ್ಕೂ ಕತ್ತರಿ ಬೀಳುವಂತಾಗಿ, ಕಂದಾಯದಾರರ ಮೇಲಿನ ಹೊರೆ ಸರಿಸುಮಾರು ಇಮ್ಮಡಿಯಾಯಿತು.

ಆಗ ಎದ್ದು ನಿಂತದ್ದು ಬ್ರಾಮ್ಲಿ. ಲಂಡನ್ನಿನ ಆಗ್ನೇಯ ಅಂಚಿನ ಒಂದು ಬರೋ, ಅಂದರೆ ಸ್ಥಳೀಯಾಡಳಿತ. ಕನ್ಸರ್ವೇಟಿವ್ ಪಕ್ಷದ ಕೈಯಲ್ಲಿತ್ತು. ಅವರ ವಾದ ಸರಳ: ನಮ್ಮ ಬ್ರಾಮ್ಲಿಯಲ್ಲಿ ಸುರಂಗ ರೈಲಿನ ಒಂದೇ ಒಂದು ಸ್ಟೇಷನ್ ಇಲ್ಲ (ಇವತ್ತಿಗೂ ಇಲ್ಲ). ನಾವು ಹತ್ತದ ರೈಲಿಗೆ ನಾವೇಕೆ ತೆರಿಗೆ ಕಟ್ಟಬೇಕು? ವಾದದಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ಆದರೆ ಬ್ರಾಮ್ಲಿಯಿಂದ ಪ್ರತಿದಿನ ನಗರಕ್ಕೆ ಕೆಲಸಕ್ಕೆ ಹೋಗುವವರು ಇಳಿದ ಮೇಲೆ ಹತ್ತುತ್ತಿದ್ದದ್ದು ಯಾವ ಬಸ್ಸು, ಯಾವ ಸುರಂಗ ರೈಲು ಅಂತಲೂ ಕೇಳಬಹುದು.

ಕೇಸು ಮೊದಲ ಹಂತದಲ್ಲಿ ಬ್ರಾಮ್ಲಿಗೆ ವಿರುದ್ಧವಾಯಿತು. ಅಪೀಲು ಕೋರ್ಟಿನಲ್ಲಿ, ಲಾರ್ಡ್ ಡೆನಿಂಗ್ ಇದ್ದ ಪೀಠದ ಮುಂದೆ, ಬ್ರಾಮ್ಲಿ ಗೆದ್ದಿತು. ಕೊನೆಗೆ 1981ರ ಡಿಸೆಂಬರ್ 17ರಂದು ಹೌಸ್ ಆಫ್ ಲಾರ್ಡ್ಸ್‌ನ ಐವರು ನ್ಯಾಯಮೂರ್ತಿಗಳೂ ಒಮ್ಮತದಿಂದ ಬ್ರಾಮ್ಲಿಯ ಪರವಾಗಿ ತೀರ್ಪು ಕೊಟ್ಟರು. ತೀರ್ಪು ನಿಂತದ್ದು ಹೆಚ್ಚಾಗಿ ಒಂದು ಪದದ ಮೇಲೆ. 1969ರ ಲಂಡನ್ ಸಾರಿಗೆ ಕಾಯಿದೆಯಲ್ಲಿ ಸಾರಿಗೆ ಹೇಗಿರಬೇಕು ಎಂದು ಹೇಳುವಾಗ 'ಎಕನಾಮಿಕ್' ಎಂಬ ಶಬ್ದ ಇತ್ತು. ಎಕನಾಮಿಕ್ ಅಂದರೆ ಏನು? ನಾಡಿನ ಒಟ್ಟು ಆರ್ಥಿಕ ಹಿತವೋ, ಅಥವಾ ವ್ಯಾಪಾರದ ರೀತಿಯಲ್ಲಿ ಖರ್ಚು-ಆದಾಯ ತೂಗಿಸುವುದೋ? ನ್ಯಾಯಮೂರ್ತಿಗಳು ಎರಡನೆಯ ಅರ್ಥದ ಕಡೆಗೆ ವಾಲಿದರು. ಕಂದಾಯದಾರರ ಹಣಕ್ಕೆ ಕೌನ್ಸಿಲು ಒಂದು ರೀತಿಯ ಟ್ರಸ್ಟಿ ಇದ್ದ ಹಾಗೆ, ಆ ಹೊಣೆ ಮುರಿದಿದೆ ಎಂದರು.

ಬ್ಯಾಂಕಿನವನಿಗೆ ಈ ಟ್ರಸ್ಟಿ ಎಂಬ ಮಾತು ಚೆನ್ನಾಗಿ ಗೊತ್ತು. ಡಿಪಾಸಿಟ್ ಇಟ್ಟವನ ಹಣ ನಮ್ಮದಲ್ಲ, ಅದನ್ನು ಕೈಬೀಸಿ ಹಂಚುವಂತಿಲ್ಲ. ಆದರೆ ನಗರ ಬ್ಯಾಂಕ್ ಅಲ್ಲವಲ್ಲ ಎನ್ನುವ ಪ್ರಶ್ನೆಯೂ ನನ್ನಲ್ಲಿ ಏಳುತ್ತದೆ. ಅಂಗಡಿಯವನ ಕಂದಾಯದಿಂದ ಬಸ್ಸು ಓಡಿದರೆ ಆ ಬಸ್ಸಿನಲ್ಲಿ ಬರುವುದು ಅವನ ಗಿರಾಕಿಯೇ. ನಮ್ಮಲ್ಲೂ ಇದೇ ಜಗಳ ನಡೆಯುತ್ತಿದೆ ನೋಡಿ. 2019ರ ಜುಲೈಯಲ್ಲಿ ಬೆಸ್ಟ್ ಬಸ್ಸಿನ ಕನಿಷ್ಠ ದರ 5 ರೂಪಾಯಿಗೆ ಇಳಿದಾಗ ಮುಂಬಯಿಯಲ್ಲಿ ಬಸ್ಸಿಗೆ ಜನ ಮರಳಿ ಬಂದರು. ನಷ್ಟ ಪಾಲಿಕೆಯ ಬೊಕ್ಕಸದ ಕಡೆ ತಿರುಗಿತು. 2025ರ ಮೇಯಲ್ಲಿ ದರ 10 ರೂಪಾಯಿ ಆಯಿತು. ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಉಚಿತವಾದಾಗ ಊರಿನ ಕಟ್ಟೆಗಳಲ್ಲಿ ಕೇಳಿಬಂದದ್ದೂ ಬ್ರಾಮ್ಲಿಯ ಪ್ರಶ್ನೆಯೇ: ದುಡ್ಡು ಯಾರದ್ದು?

ಇರಲಿ, ಲಂಡನ್ನಿನ ದರ ಏನಾಯಿತು? ತೀರ್ಪಿನ ಪರಿಣಾಮವಾಗಿ 1982ರ ಮಾರ್ಚಿನಲ್ಲಿ ಟಿಕೆಟ್ ದರ ಒಂದೇ ಏಟಿಗೆ ಶೇಕಡಾ 96ರಷ್ಟು ಏರಿತು. ಒಂದು ಲೆಕ್ಕ ಹಾಕಿ. ಮೊದಲಿದ್ದ ದರ 100 ಎಂದಿಟ್ಟುಕೊಂಡರೆ, ಶೇಕಡಾ 32 ಇಳಿದು 68 ಆಯಿತು. ಅದರ ಮೇಲೆ ಶೇಕಡಾ 96 ಏರಿದರೆ 133. ಕೋರ್ಟಿಗೆ ಹೋಗುವ ಮೊದಲು ಇದ್ದದ್ದಕ್ಕಿಂತ ಮೂರನೇ ಒಂದು ಭಾಗ ಜಾಸ್ತಿ! ಜನ ಬಸ್ಸು ರೈಲು ಬಿಟ್ಟು ಮತ್ತೆ ಕಾರು ಹಿಡಿದರು, ರಸ್ತೆಗಳು ತುಂಬಿದವು.

ಜಿಎಲ್‌ಸಿ ಸುಮ್ಮನೆ ಕೂರಲಿಲ್ಲ. ಈ ಸಲ ವಕೀಲರನ್ನು ಮೊದಲೇ ಕೂರಿಸಿಕೊಂಡು, ಕಾನೂನಿನ ಚೌಕಟ್ಟಿನೊಳಗೆ ಕೂರುವಂಥ ಯೋಜನೆ ಮಾಡಿದರು. 1983ರ ಆರಂಭದಲ್ಲಿ ಕೋರ್ಟು ಅದಕ್ಕೆ ಅಡ್ಡಿಯಿಲ್ಲ ಎಂದಿತು. ಮೇ 22ರಂದು 'ಜಸ್ಟ್ ದ ಟಿಕೆಟ್' ಎಂಬ ಹೆಸರಿನಲ್ಲಿ ದರ ಸುಮಾರು ಶೇಕಡಾ 25ರಷ್ಟು ಇಳಿಯಿತು. ನಮ್ಮ 133ಕ್ಕೆ ಶೇಕಡಾ 25 ಕಳೆಯಿರಿ: 100! ಬೆಲೆಯೇರಿಕೆಯ ಮಾತು ಬಿಟ್ಟರೆ, ಎರಡು ವರ್ಷ ರಾಮಾಯಣ ಮಾಡಿ ದರ ಹೊರಟಲ್ಲಿಗೇ ಬಂದು ನಿಂತಿತ್ತು.

ಹಾಗಾದರೆ ಉಳಿದದ್ದೇನು? ಉಳಿದದ್ದು ಟ್ರಾವೆಲ್‌ಕಾರ್ಡ್. ಅದೇ ದಿನ ಬಂದ ಹೊಸ ಪಾಸು ಅದು. ಅದಕ್ಕೆ ಮುಂಚೆಯೂ ಬಸ್ಸಿಗೆ 'ರೆಡ್ ರೋವರ್' ಎಂಬ ದಿನದ ಟಿಕೆಟ್ ಇತ್ತು, ರೈಲಿಗೆ ಸೀಸನ್ ಟಿಕೆಟ್ ಇತ್ತು. ಆದರೆ ಬಸ್ಸಿಗೂ ಸುರಂಗ ರೈಲಿಗೂ ಒಂದೇ ಪಾಸು, ಎರಡು ಸ್ಟೇಷನ್‌ಗಳ ನಡುವೆ ಅಲ್ಲ, ಇಡೀ ವಲಯದೊಳಗೆ ಎಲ್ಲಿ ಬೇಕಾದರೂ ಹತ್ತಿ ಎಲ್ಲಿ ಬೇಕಾದರೂ ಇಳಿ ಎನ್ನುವುದು ದಿನಾ ಓಡಾಡುವವರಿಗೆ ಹೊಸ ಅನುಭವ. ಮುಂಬಯಿಯಲ್ಲಿ ದಾದರ್‌ನಿಂದ ಚರ್ಚ್‌ಗೇಟಿಗೆ ರೈಲಿನ ಪಾಸು, ಅಲ್ಲಿಂದ ಮುಂದೆ ಬೆಸ್ಟ್ ಬಸ್ಸಿಗೆ ಬೇರೆ ದುಡ್ಡು ಎಂದು ಜೀವಮಾನ ಕಳೆದ ನಮಗೆ ಇದರ ಬೆಲೆ ಥಟ್ಟನೆ ತಿಳಿಯುತ್ತದೆ. 1984ರಲ್ಲಿ ಒಂದು ದಿನದ ಟ್ರಾವೆಲ್‌ಕಾರ್ಡ್ ಬಂತು. 1985ರ ಜನವರಿಯಲ್ಲಿ ಬ್ರಿಟಿಷ್ ರೈಲ್ವೆಯನ್ನೂ ಸೇರಿಸಿಕೊಂಡ 'ಕ್ಯಾಪಿಟಲ್‌ಕಾರ್ಡ್' ಬಂತು. 1989ರಲ್ಲಿ ಎರಡೂ ಒಂದಾದವು.

ಅಷ್ಟರಲ್ಲಿ ಅದನ್ನು ಹೆತ್ತ ಸಂಸ್ಥೆಯೇ ಇರಲಿಲ್ಲ. 1984ರಲ್ಲಿ ಥ್ಯಾಚರ್ ಸರಕಾರ ಲಂಡನ್ ಸಾರಿಗೆಯನ್ನು ಜಿಎಲ್‌ಸಿಯ ಕೈಯಿಂದ ಕಿತ್ತುಕೊಂಡಿತು. 1986ರ ಮಾರ್ಚ್ 31ಕ್ಕೆ ಜಿಎಲ್‌ಸಿಯನ್ನೇ ರದ್ದು ಮಾಡಿತು. ಆದರೆ ಟ್ರಾವೆಲ್‌ಕಾರ್ಡನ್ನು ಮುಟ್ಟಲಿಲ್ಲ. ಮುಟ್ಟುವ ಧೈರ್ಯವಾಗಲಿ ಅಗತ್ಯವಾಗಲಿ ಯಾರಿಗೂ ಇರಲಿಲ್ಲ. 1982ರಲ್ಲಿ ಸುರಂಗ ರೈಲಿನ ಪ್ರಯಾಣಗಳು ವರ್ಷಕ್ಕೆ ಸುಮಾರು 50 ಕೋಟಿಗೆ ಕುಸಿದಿದ್ದವು; ದಶಕದ ಕೊನೆಗೆ 80 ಕೋಟಿ ದಾಟಿದ್ದವು. ಎಲ್ಲವೂ ಪಾಸಿನ ಮಹಿಮೆ ಅನ್ನಲಾಗದು, ಆ ವರ್ಷಗಳಲ್ಲಿ ಲಂಡನ್ನಿನಲ್ಲಿ ಉದ್ಯೋಗಗಳೂ ಹೆಚ್ಚಿದ್ದವು. ಆದರೆ ಪಾಸಿನ ಪಾಲು ದೊಡ್ಡದು.

ಇಲ್ಲಿ ಬಿಕಾಂ ಮೊದಲ ವರ್ಷದ ಒಂದು ಪಾಠ ನೆನಪಿಸಿಕೊಳ್ಳಬೇಕು. ರೈಲು ಓಡಿಸುವ ಖರ್ಚಿನಲ್ಲಿ ಬಹುಪಾಲು ಸ್ಥಿರ ವೆಚ್ಚ: ಹಳಿ, ಸುರಂಗ, ಬೋಗಿ, ಸಂಬಳ. ಬೆಳಿಗ್ಗೆ ಆಫೀಸಿನ ಜನ ಇಳಿದು ಹೋದ ಮೇಲೆ ಅದೇ ರೈಲು ಅರ್ಧ ಖಾಲಿ ಓಡುತ್ತದೆ. ಆಗ ಒಬ್ಬ ಪ್ರವಾಸಿ ಹತ್ತಿದರೆ ರೈಲಿಗೆ ಹೆಚ್ಚಿಗೆ ಖರ್ಚು ಏನೂ ಇಲ್ಲ. ಅವನಿಂದ ಬಂದಷ್ಟೂ ಲಾಭವೇ. ಹಾಗಾಗಿಯೇ ದಿನದ ಅಗ್ಗದ ಟ್ರಾವೆಲ್‌ಕಾರ್ಡ್ ವಾರದ ದಿನಗಳಲ್ಲಿ ಬೆಳಿಗ್ಗೆ ಒಂಬತ್ತೂವರೆಯ ನಂತರ ಮಾತ್ರ ನಡೆಯುತ್ತಿತ್ತು. ಜೊತೆಗೆ ಇನ್ನೆರಡು ಲಾಭ: ಒಂದು, ಕೌಂಟರಿನಲ್ಲಿ ಚಿಲ್ಲರೆ ಎಣಿಸುವ ಕೆಲಸ ಕಡಿಮೆ, ಬಸ್ಸು ಸ್ಟಾಪಿನಲ್ಲಿ ನಿಲ್ಲುವ ಹೊತ್ತೂ ಕಡಿಮೆ. ಎರಡು, ಹಣ ಮುಂಗಡವಾಗಿ ಕೈಗೆ ಬರುತ್ತದೆ. ಪ್ರವಾಸಿಗೆ ರಿಯಾಯಿತಿ ಕೊಡುವುದು ಧರ್ಮಕ್ಕಲ್ಲ ಸ್ವಾಮಿ. ಅದರಲ್ಲಿ ತಪ್ಪೂ ಇಲ್ಲ, ಇಬ್ಬರಿಗೂ ಲಾಭವಾಗುವ ವ್ಯವಹಾರವೇ ಒಳ್ಳೆಯ ವ್ಯವಹಾರ.

ಎರಡನೇ ಅಧ್ಯಾಯ ಶುರುವಾಗುವುದು 2000ದಲ್ಲಿ. ಲಂಡನ್ನಿಗೆ ನೇರ ಚುನಾಯಿತ ಮೇಯರ್ ಪದವಿ ಬಂತು. ಗೆದ್ದವನು ಯಾರು ಹೇಳಿ? ಅದೇ ಕೆನ್ ಲಿವಿಂಗ್‌ಸ್ಟನ್! 'ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್' ಎಂಬ ಹೊಸ ಸಂಸ್ಥೆ ಅವನ ಕೈಕೆಳಗೆ ಬಂತು. ಮುಟ್ಟಿಸಿದರೆ ಗೇಟು ತೆರೆಯುವ ಕಾರ್ಡಿನ ಗುತ್ತಿಗೆ 1998ರಲ್ಲೇ ಆಗಿತ್ತು. 2003ರಲ್ಲಿ ಅದು ಆಯ್ಸ್ಟರ್ ಎಂಬ ಹೆಸರಿನಲ್ಲಿ ಹೊರಬಂತು. ಆಯ್ಸ್ಟರ್ ಅಂದರೆ ಮುತ್ತಿನ ಚಿಪ್ಪು. ಹಾಂಕಾಂಗ್‌ನವರು 1997ರಲ್ಲಿ ಇಂಥದೇ ಕಾರ್ಡಿಗೆ ಆಕ್ಟೋಪಸ್ ಎಂದು ಹೆಸರಿಟ್ಟಿದ್ದರು. ಈ ಕಾರ್ಡಿನವರಿಗೆ ಸಮುದ್ರದ ಮೇಲೆ ಯಾಕಿಷ್ಟು ಪ್ರೀತಿಯೋ, ಕರಾವಳಿಯ ನಾನೂ ಹೇಳಲಾರೆ.

ನಿಜವಾದ ಕ್ರಾಂತಿ ಆದದ್ದು 2005ರ ಫೆಬ್ರವರಿಯಲ್ಲಿ. ಅಲ್ಲಿಯವರೆಗೆ ಬೆಳಿಗ್ಗೆಯೇ ನಿರ್ಧರಿಸಬೇಕಿತ್ತು: ಇವತ್ತು ದಿನದ ಪಾಸು ತೆಗೆದುಕೊಳ್ಳಲೋ, ಬಿಡಿ ಟಿಕೆಟ್ ಸಾಕೋ? ಮಳೆ ಬಂದರೆ, ಕಾಲು ನೋವು ಬಂದರೆ ಪಾಸು ದಂಡ. ಬಿಡಿ ಟಿಕೆಟ್ ತೆಗೆದು ಹುಮ್ಮಸ್ಸಿನಲ್ಲಿ ಸುತ್ತಿದರೆ ಅದೂ ದಂಡ. 2005ರಲ್ಲಿ ಆಯ್ಸ್ಟರ್ ಕಾರ್ಡಿಗೆ ದಿನದ ಮಿತಿ ತಂದರು. ನೀವು ಸುಮ್ಮನೆ ಮುಟ್ಟಿಸುತ್ತಾ ಓಡಾಡಿ. ಒಟ್ಟು ಮೊತ್ತ ಒಂದು ಗೆರೆ ಮುಟ್ಟಿದ ಕೂಡಲೇ ಆ ದಿನಕ್ಕೆ ಹಣ ಕಡಿಯುವುದು ನಿಲ್ಲುತ್ತದೆ. ಪಂಥ ಕಟ್ಟುವ ಕೆಲಸವೇ ಇಲ್ಲ, ಸಂಜೆ ಹೊತ್ತಿಗೆ ಯಂತ್ರವೇ ನಿಮ್ಮ ಪರವಾಗಿ ಲೆಕ್ಕ ಹಾಕಿರುತ್ತದೆ. 2014ರ ಸೆಪ್ಟೆಂಬರಿನಿಂದ ಆಯ್ಸ್ಟರ್ ಕೂಡ ಬೇಡವಾಯಿತು. ನಮ್ಮ ಬ್ಯಾಂಕ್ ಕಾರ್ಡನ್ನೇ ಸುರಂಗ ರೈಲಿನ ಗೇಟಿಗೆ ಮುಟ್ಟಿಸಬಹುದು (ಬಸ್ಸಿನಲ್ಲಿ 2012ರಿಂದಲೇ). ಸೋಮವಾರದಿಂದ ಭಾನುವಾರದವರೆಗಿನ ವಾರದ ಮಿತಿಯೂ ಸೇರಿತು. ಅದೇ 2014ರ ಜುಲೈಯಿಂದ ಬಸ್ಸುಗಳಲ್ಲಿ ನಗದು ತೆಗೆದುಕೊಳ್ಳುವುದನ್ನೇ ನಿಲ್ಲಿಸಿದರು.

ಈಗ ಲೆಕ್ಕ. 2025ರ ದರ ಹಿಡಿದುಕೊಳ್ಳೋಣ. ಹೊರಡುವ ಮುನ್ನ ಹೊಸ ದರ ನೋಡಿಕೊಳ್ಳಿ, ಲೆಕ್ಕದ ದಾರಿ ಮಾತ್ರ ಬದಲಾಗುವುದಿಲ್ಲ. ಒಂದು ಮತ್ತು ಎರಡನೇ ವಲಯದ ದಿನದ ಮಿತಿ 8.90 ಪೌಂಡ್. ವಾರದ ಮಿತಿ 44.70 ಪೌಂಡ್, ಏಳು ದಿನದ ಟ್ರಾವೆಲ್‌ಕಾರ್ಡಿಗೂ ಅಷ್ಟೇ. ಅಂದರೆ ಐದು ದಿನದ ದುಡ್ಡಿಗೆ ಏಳು ದಿನ.

ನೀವು ಸೋಮವಾರ ಶುರುಮಾಡಿ ಭಾನುವಾರ ಮುಗಿಸುವವರಾದರೆ ಯಾವ ಪಾಸೂ ಬೇಡ, ಬ್ಯಾಂಕ್ ಕಾರ್ಡ್ ಸಾಕು. ಎಷ್ಟು ಸುತ್ತಿದರೂ 44.70 ಮೀರುವುದಿಲ್ಲ.

ಶುಕ್ರವಾರ ಶುರುಮಾಡಿ ಮುಂದಿನ ಗುರುವಾರ ಮುಗಿಸುವವರಾದರೆ ಕಥೆ ಬೇರೆ. ಯಂತ್ರದ ಕಣ್ಣಿಗೆ ಅದು ಎರಡು ವಾರ: ಶುಕ್ರ, ಶನಿ, ಭಾನು ಒಂದು ವಾರ, ಸೋಮದಿಂದ ಗುರು ಇನ್ನೊಂದು. ಪ್ರತಿದಿನ ಮಿತಿ ಮುಟ್ಟುವಷ್ಟು ಸುತ್ತಿದರೆ ಮೊದಲ ವಾರ 26.70, ಎರಡನೆಯದು 35.60, ಒಟ್ಟು 62.30 ಪೌಂಡ್. ಎರಡೂ ಕಡೆ ವಾರದ ಮಿತಿ ತಲುಪುವುದೇ ಇಲ್ಲ. ಏಳು ದಿನದ ಟ್ರಾವೆಲ್‌ಕಾರ್ಡ್ ಯಾವ ದಿನ ಬೇಕಾದರೂ ಶುರುವಾಗುತ್ತದೆ, ಆದ್ದರಿಂದ ಅದರಲ್ಲಿ 17.60 ಪೌಂಡ್ ಉಳಿತಾಯ. ಆದರೆ ಅದನ್ನು ತುಂಬಿಸಲು ಮಾಮೂಲಿ ಆಯ್ಸ್ಟರ್ ಕಾರ್ಡ್ ಬೇಕು; ಪ್ರವಾಸಿಗರ ವಿಸಿಟರ್ ಆಯ್ಸ್ಟರ್‌ನಲ್ಲಿ ಅದು ಕೂರುವುದಿಲ್ಲ. ಆ ಕಾರ್ಡಿಗೇ ಮರಳಿ ಬಾರದ ಶುಲ್ಕ ಇದೆ, ಉಳಿತಾಯದ ಅರ್ಧದಷ್ಟನ್ನು ಅದು ತಿಂದುಹಾಕುತ್ತದೆ. ಮನೆಯಲ್ಲಿ ಮಗಳ ಬಳಿ ಹಳೆಯ ಆಯ್ಸ್ಟರ್ ಬಿದ್ದಿದ್ದರೆ ಕೇಳಿ ತೆಗೆದುಕೊಳ್ಳಿ, ಹದಿನೇಳು ಪೌಂಡೂ ನಿಮ್ಮದೇ.

ಇನ್ನೊಂದು ಲೆಕ್ಕ, ನಮ್ಮ ಹಿರಿಯರದ್ದು. ಹತ್ತು ಗಂಟೆಗೆ ತಿಂಡಿ ಮುಗಿಸಿ ಹೊರಟು, ಒಂದು ಕಡೆ ನೋಡಿ, ಮೂರೂವರೆಗೆ ಮನೆಗೆ ವಾಪಸು. ದಟ್ಟಣೆಯಿಲ್ಲದ ಹೊತ್ತಿನಲ್ಲಿ ಒಂದು-ಎರಡನೇ ವಲಯದ ರೈಲಿಗೆ 2.90 ಪೌಂಡ್, ಹೋಗಿ ಬರಲು 5.80. ಏಳು ದಿನವೂ ಹೀಗೆ ಹೋದರೆ 40.60. ಪಾಸಿನ 44.70ಕ್ಕಿಂತ ಕಡಿಮೆ! ಒಂದು ದಿನ ಮಳೆಯೆಂದು ಮನೆಯಲ್ಲೇ ಕೂತರೆ ಇನ್ನೂ ಕಡಿಮೆ. ಬಸ್ಸಿನಲ್ಲಿ ಹೋದರೆ ಒಂದು ಸಲಕ್ಕೆ 1.75, ಮೊದಲ ಬಸ್ಸು ಹತ್ತಿದ ಒಂದು ಗಂಟೆಯೊಳಗೆ ಇನ್ನೊಂದು ಬಸ್ಸು ಹತ್ತಿದರೆ ಅದಕ್ಕೆ ದುಡ್ಡಿಲ್ಲ. ಡಬಲ್ ಡೆಕ್ಕರಿನ ಮೇಲಿನ ಮುಂದಿನ ಸೀಟಿನಲ್ಲಿ ಕೂತರೆ ಊರೆಲ್ಲ ಕಾಣುತ್ತದೆ, ಸುರಂಗದಲ್ಲಿ ಕಾಣುವುದು ಕತ್ತಲೆ.

ಕೆಲವು ಸಣ್ಣ ಅಕ್ಷರದ ನಿಯಮಗಳು. ಒಂದು ಕಾರ್ಡಿಗೆ ಒಬ್ಬರು ಮಾತ್ರ. ಗಂಡ ಹೆಂಡತಿ ಇಬ್ಬರಿಗೂ ಬೇರೆ ಬೇರೆ ಕಾರ್ಡ್ ಬೇಕು. ಒಂದೇ ಜಂಟಿ ಖಾತೆಯ ಎರಡು ಕಾರ್ಡಾದರೂ ನಡೆಯುತ್ತದೆ. ಬೆಳಿಗ್ಗೆ ಕಾರ್ಡು ಮುಟ್ಟಿಸಿ ಸಂಜೆ ಮೊಬೈಲು ಮುಟ್ಟಿಸಿದರೆ ಯಂತ್ರ ಅದನ್ನು ಇಬ್ಬರೆಂದು ತಿಳಿದು ಮಿತಿಯನ್ನು ಬೇರೆ ಬೇರೆ ಎಣಿಸುತ್ತದೆ. ರೈಲಿನಿಂದ ಇಳಿಯುವಾಗಲೂ ಮುಟ್ಟಿಸಲೇಬೇಕು, ಮರೆತರೆ ಗರಿಷ್ಠ ದರ. ಬಸ್ಸಿನಲ್ಲಿ ಹತ್ತುವಾಗ ಮಾತ್ರ. ಹನ್ನೊಂದು ವರ್ಷದೊಳಗಿನ ಮಕ್ಕಳು ದೊಡ್ಡವರ ಜೊತೆ ಉಚಿತ. ಅರವತ್ತು ದಾಟಿದವರ ರಿಯಾಯಿತಿ ಲಂಡನ್ ನಿವಾಸಿಗಳಿಗೆ ಮಾತ್ರ. ನಮ್ಮ ಸೀನಿಯರ್ ಸಿಟಿಜನ್ ಕಾರ್ಡ್ ಅಲ್ಲಿ ತೋರಿಸಿ ಪ್ರಯೋಜನವಿಲ್ಲ. ಹೀಥ್ರೂ ವಿಮಾನ ನಿಲ್ದಾಣ ಆರನೇ ವಲಯದಲ್ಲಿದೆ, ಒಂದು-ಎರಡನೇ ವಲಯದ ಪಾಸು ಅಲ್ಲಿಯವರೆಗೆ ಎಳೆಯುವುದಿಲ್ಲ.

ಇನ್ನು ನನ್ನ ಕಸುಬಿನ ಮಾತು. 2020ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಹೊಸ ಕಾರ್ಡುಗಳಲ್ಲಿ ವಿದೇಶಿ ಬಳಕೆ ಮತ್ತು ಮುಟ್ಟಿಸಿ ಪಾವತಿಸುವ ಸೌಲಭ್ಯ ಮೊದಲಿಗೆ ಬಂದ್ ಆಗಿಯೇ ಇರುತ್ತವೆ. ಎರಡನ್ನೂ ನೀವೇ ಆ್ಯಪ್‌ನಲ್ಲೋ, ಶಾಖೆಯಲ್ಲೋ ತೆರೆಸಬೇಕು. ಹೊರಡುವ ಮುನ್ನ ಇದನ್ನು ಮಾಡದೆ ಹೋದರೆ ಹೀಥ್ರೂವಿನ ಗೇಟಿನಲ್ಲಿ ಕೆಂಪು ದೀಪ ಗ್ಯಾರಂಟಿ. ರೂಪೇ ಕಾರ್ಡನ್ನು ನಂಬಿಕೊಂಡು ಹೋಗಬೇಡಿ. ವೀಸಾ, ಮಾಸ್ಟರ್‌ಕಾರ್ಡ್ ಇರಲಿ. ವಿದೇಶಿ ವಿನಿಮಯದ ಮಾರ್ಕಪ್ ಎಂದು ಬ್ಯಾಂಕುಗಳು ಒಂದಿಷ್ಟು ಸೇರಿಸುತ್ತವೆ. ಶೇಕಡಾ 3.5 ಎಂದು ಹಿಡಿದರೆ 44.70 ಪೌಂಡಿಗೆ ಸುಮಾರು ಒಂದೂವರೆ ಪೌಂಡ್, ಮೇಲೆ ಜಿಎಸ್‌ಟಿ. ಆಯ್ಸ್ಟರ್ ಶುಲ್ಕದ ಮುಂದೆ ಇದು ಅಗ್ಗವೇ. ಇನ್ನು ಆಯ್ಸ್ಟರಿನಲ್ಲಿ ಉಳಿದ ಹಣ ಕೇಳಿದರೆ ವಾಪಸು ಸಿಗುತ್ತದೆ, ಆದರೆ ಕೇಳುವವರು ಎಷ್ಟು ಜನ? ಡ್ರಾಯರುಗಳಲ್ಲಿ ಮಲಗಿರುವ ಕಾರ್ಡುಗಳಲ್ಲಿ ಕೋಟಿಗಟ್ಟಲೆ ಪೌಂಡ್ ಹಾಗೇ ಉಳಿದಿದೆ. ಬಡ್ಡಿಯಿಲ್ಲದ ಡಿಪಾಸಿಟ್!

ಮೂರನೆಯದಾದ ಲಂಡನ್ ಪಾಸಿನ ಮಾತು ಚಿಕ್ಕದು. ಅದರಲ್ಲಿ ಲಂಡನ್ ಟವರ್, ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಂಥ ದುಬಾರಿ ಜಾಗಗಳಿವೆ. ದಿನಕ್ಕೆ ಮೂರು ದುಬಾರಿ ಜಾಗ ನೋಡುವ ಕಾಲಿದ್ದರೆ ಲಾಭ. ಆದರೆ ಲಂಡನ್ನಿನ ವಿಶೇಷವೇ ಬೇರೆ. ಬ್ರಿಟಿಷ್ ಮ್ಯೂಸಿಯಂ 1759ರಲ್ಲಿ ಬಾಗಿಲು ತೆರೆದದ್ದೇ ಉಚಿತವಾಗಿ. ಶುಲ್ಕ ಹಾಕಿದ್ದ ವಿಕ್ಟೋರಿಯಾ ಅಂಡ್ ಆಲ್ಬರ್ಟ್, ವಿಜ್ಞಾನ, ಪ್ರಕೃತಿ ಚರಿತ್ರೆಯ ಮ್ಯೂಸಿಯಂಗಳೂ 2001ರ ಡಿಸೆಂಬರಿನಿಂದ ಉಚಿತ. ವಿಕ್ಟೋರಿಯಾ ಅಂಡ್ ಆಲ್ಬರ್ಟಿನಲ್ಲಿ ಟಿಪ್ಪುವಿನ ಹುಲಿ ಇದೆ, 1799ರಲ್ಲಿ ಶ್ರೀರಂಗಪಟ್ಟಣದಿಂದ ಹೋದದ್ದು. ಥೇಮ್ಸ್ ದಂಡೆಯಲ್ಲಿ, ವಾಕ್ಸ್‌ಹಾಲ್ ಹತ್ತಿರದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರ ನವೆಂಬರಿನಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆ ಇದೆ. ಕನ್ನಡಿಗರು ನೋಡಲೇಬೇಕಾದ ಈ ಎರಡಕ್ಕೂ ಬಸ್ಸಿನ ಖರ್ಚು ಬಿಟ್ಟು ಬೇರೇನೂ ಇಲ್ಲ. ಉಚಿತವಾಗಿ ಸಿಗುವುದನ್ನು ಬದಿಗಿಟ್ಟು, ದುಡ್ಡು ಕೊಟ್ಟದ್ದಕ್ಕಾಗಿ ಓಡಿ ಓಡಿ ನೋಡುವುದು ಪ್ರವಾಸವಲ್ಲ, ವಸೂಲಿ.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಪುಸ್ತಕದಲ್ಲಿ ಬಾರದ ಒಂದು ಬಾಬ್ತು ಉಳಿಯುತ್ತದೆ. ನಮ್ಮ ಹಿರಿಯರು ಅಲ್ಲಿಗೆ ಹೋದರೆ ಪ್ರತಿಯೊಂದು ಪೌಂಡನ್ನೂ ನೂರಕ್ಕೂ ಮೇಲಿಂದ ಗುಣಿಸುತ್ತಾರೆ. ಬಸ್ಸಿಗೆ ಇನ್ನೂರು ರೂಪಾಯಿಯಾ? ಬೇಡ ಬಿಡು ಮಗಾ, ಮನೆಯಲ್ಲೇ ಇರುತ್ತೇನೆ. ಮಕ್ಕಳು ಆಫೀಸಿಗೆ ಹೋದ ಮೇಲೆ ಕಿಟಕಿಯಿಂದ ಮಳೆ ನೋಡುತ್ತಾ ಎರಡು ತಿಂಗಳು ಕಳೆದು ಬಂದವರನ್ನು ನಾನು ಬಲ್ಲೆ. ಒಂದು ಊರಿಗೆ ಹೋಗಿಯೂ ಆ ಊರನ್ನು ನೋಡದೆ ಬರುವುದಕ್ಕಿಂತ ದೊಡ್ಡ ನಷ್ಟ ಯಾವುದಿದೆ? ಅಂಥವರಿಗೆ ವಾರದ ಟ್ರಾವೆಲ್‌ಕಾರ್ಡ್ ತೆಗೆದು ಕೈಗೆ ಕೊಟ್ಟುಬಿಡಿ ಎಂದು ಮಕ್ಕಳಿಗೆ ಹೇಳುತ್ತೇನೆ. ಲೆಕ್ಕದಲ್ಲಿ ನಾಲ್ಕು ಪೌಂಡ್ ನಷ್ಟವಾಗಲಿ. ದುಡ್ಡು ಹೇಗೂ ಹೋಗಿದೆ, ಸುಮ್ಮನೆ ಕೂತರೆ ದಂಡ ಎಂಬ ಒಂದೇ ಕಾರಣಕ್ಕೆ ಅವರು ಚಪ್ಪಲಿ ಮೆಟ್ಟಿ ಹೊರಡುತ್ತಾರೆ. 1983ರಲ್ಲಿ ಲಂಡನ್ನಿನವರು ಕಂಡುಕೊಂಡದ್ದೂ ಇದನ್ನೇ. ದರ ಮೊದಲಿದ್ದಷ್ಟೇ ಇತ್ತು, ಆದರೆ ಪಾಸು ಕೈಗೆ ಬಂದ ಮೇಲೆ ಪ್ರತಿ ಸಲವೂ ಜೇಬು ಮುಟ್ಟಿ ನೋಡಿಕೊಳ್ಳುವ ಕೆಲಸ ತಪ್ಪಿತು. ಜನ ಹೊರಗೆ ಬಂದರು.

ಆದ್ದರಿಂದ ಇನ್ನು ಫೋನ್ ಬಂದರೆ ನನ್ನ ಉತ್ತರ ಇಷ್ಟೇ: ಸೋಮವಾರ ಶುರುಮಾಡುವವರಿಗೂ ಕಡಿಮೆ ಸುತ್ತುವವರಿಗೂ ಬ್ಯಾಂಕ್ ಕಾರ್ಡು, ವಾರದ ನಡುವೆ ಇಳಿದು ಜೋರಾಗಿ ಸುತ್ತುವವರಿಗೆ ಏಳು ದಿನದ ಟ್ರಾವೆಲ್‌ಕಾರ್ಡು, ರೂಪಾಯಿ ಲೆಕ್ಕ ಹಾಕಿ ಮನೆಯಲ್ಲೇ ಕೂರುವ ಅಪ್ಪ-ಅಮ್ಮನಿಗೂ ಅದೇ ಟ್ರಾವೆಲ್‌ಕಾರ್ಡು, ಲಾಭ-ನಷ್ಟ ನೋಡದೆ.